ದಿರ್ಹಂ ಏರುತ್ತಿದೆ, ಫಾರೆಕ್ಸ್ ಆ್ಯಪ್‌ಗೆ ಹಣ ಹಾಕಬಹುದೇ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಸಮೀಪದವನು. ಬಿ.ಕಾಂ. ಮುಗಿಸಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ, ಸಂಬಳ 18,000 ರೂಪಾಯಿ. ಅಣ್ಣ ದುಬೈಯಲ್ಲಿದ್ದಾನೆ. ದಿರ್ಹಂ ದರ ಏರಿದಾಗಲೆಲ್ಲ ಮನೆಗೆ ಬರುವ ಹಣ ಹೆಚ್ಚಾಗುವುದನ್ನು ನೋಡಿ ಕರೆನ್ಸಿ ಟ್ರೇಡಿಂಗ್ ಕಲಿಯುವ ಆಸೆಯಾಯಿತು. ಪರಿಚಯದವರೊಬ್ಬರು ಟೆಲಿಗ್ರಾಂ ಗುಂಪಿಗೆ ಸೇರಿಸಿದರು. ಅವರು ಹೇಳಿದ ಆ್ಯಪ್‌ಗೆ ಯುಪಿಐ ಮೂಲಕ 12,000 ರೂಪಾಯಿ ಹಾಕಿದೆ. ಪರೀಕ್ಷೆಗೆಂದು 3,000 ಹಿಂದೆ ತೆಗೆದೆ. ತಕ್ಷಣ ಬಂತು, ಆದರೆ ಕಳುಹಿಸಿದವರ ಹೆಸರು ಯಾರದೋ. ಉಳಿದದ್ದು ಎರಡು ವಾರದಲ್ಲಿ 19,400 ಆಗಿದೆಯೆಂದು ಆ್ಯಪ್ ತೋರಿಸುತ್ತಿದೆ. ಈಗ 50,000 ಹಾಕಿದರೆ ತಿಂಗಳಿಗೆ ಶೇ. 10 ಖಚಿತ ಎನ್ನುತ್ತಿದ್ದಾರೆ. ಅಮ್ಮನ ಬಳೆ ಅಡವಿಟ್ಟು ಸಾಲ ತೆಗೆಯೋಣವೆಂದಿದ್ದೇನೆ. ಇದು ಕಾನೂನುಬದ್ಧವೇ? ಅಣ್ಣನ ಹೆಸರಿನಲ್ಲಿ ಅಲ್ಲಿಯೇ ಖಾತೆ ತೆರೆದು ನಾನು ಇಲ್ಲಿಂದ ನಡೆಸಿದರೆ ಆದೀತೇ? ನಮ್ಮಂಥ ಹೊಸಬರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಬಳೆ ಅಡವಿಡಬೇಡಿ. ಆ ಆ್ಯಪ್‌ಗೆ ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ. ಕಲಿಯುವ ಮಾತು ಆಮೇಲೆ ಬರಲಿ, ಏಕೆಂದರೆ ನಿಮ್ಮ ಪತ್ರದಲ್ಲಿ ತುರ್ತಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ಅದು ಹಿಂದೆ ಬಂದ ಆ 3,000 ರೂಪಾಯಿ.

ಹಣ ಹಿಂದೆ ಬಂದದ್ದರಿಂದ ಆ್ಯಪ್ ನಂಬಿಕಸ್ಥ ಎಂದು ನಿಮಗೆ ಅನಿಸಿದೆ. ಆದರೆ ನೋಂದಾಯಿತ ಬ್ರೋಕರ್ ಹಣ ಹಿಂದಿರುಗಿಸುವಾಗ ಅದು ಆ ಸಂಸ್ಥೆಯ ಹೆಸರಿನ ಖಾತೆಯಿಂದಲೇ ಬರುತ್ತದೆ. ಗುರುತಿಲ್ಲದ ವ್ಯಕ್ತಿಯ ಖಾತೆಯಿಂದ ಬಂದಿದೆ ಎಂದರೆ ಅದು ಬಾಡಿಗೆಗೆ ಪಡೆದ ಖಾತೆ ಆಗಿರಬಹುದು, ಇಲ್ಲವೇ ನಿಮ್ಮಂತೆಯೇ ಸೇರಿದ ಇನ್ನೊಬ್ಬರು ಹಾಕಿದ ಹಣವನ್ನು ನೇರವಾಗಿ ನಿಮ್ಮ ಕಡೆಗೆ ತಿರುಗಿಸಿರಬಹುದು. ಆ ಇನ್ನೊಬ್ಬರು ನಾಳೆ ಎಲ್ಲಿಯೋ ಪೊಲೀಸರಿಗೆ ದೂರು ಕೊಟ್ಟರೆ, ಹಣ ಯಾವ ಯಾವ ಖಾತೆಗೆ ಹೋಯಿತೆಂದು ಹುಡುಕುತ್ತಾ ನಿಮ್ಮ ಖಾತೆಗೂ ಬರುತ್ತಾರೆ. ಬ್ಯಾಂಕು ಖಾತೆಯನ್ನು ಫ್ರೀಜ್ ಮಾಡುತ್ತದೆ. ನಿಮ್ಮ ಸಂಬಳವೂ ಅಣ್ಣ ಕಳುಹಿಸುವ ಹಣವೂ ಅದೇ ಖಾತೆಗೆ ಬರುತ್ತಿದ್ದರೆ ಮನೆಯ ಖರ್ಚೇ ನಿಂತುಹೋಗುತ್ತದೆ. ಹೀಗೆ ಖಾತೆ ಕಟ್ಟಿಹೋದವರು ಕೇರಳ ಹೈಕೋರ್ಟ್ ಮೆಟ್ಟಿಲೇರಿದ್ದರು. ಪೂರ್ತಿ ಖಾತೆಗೆ ತಡೆ ಹಾಕದೆ ವಿವಾದದ ಮೊತ್ತಕ್ಕಷ್ಟೇ ಹಾಕಬೇಕೆಂದು ನ್ಯಾಯಾಲಯ 2023ರಲ್ಲಿ ಹೇಳಬೇಕಾಯಿತು.

ಆದ್ದರಿಂದ ಇವತ್ತೇ ಹೀಗೆ ಮಾಡಿ. ಆ್ಯಪ್‌ನ ಪುಟಗಳು, ಟೆಲಿಗ್ರಾಂ ಸಂದೇಶಗಳು, ಹಣ ಹಾಕಿದ ಯುಪಿಐ ವಿಳಾಸ, ವಹಿವಾಟಿನ ಸಂಖ್ಯೆ, 3,000 ಬಂದ ಖಾತೆಯ ಹೆಸರು ಇಷ್ಟನ್ನೂ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಕಡೆ ಉಳಿಸಿಕೊಳ್ಳಿ. ಗುಂಪಿನಿಂದ ಹೊರಬರುವುದಕ್ಕೆ ಮೊದಲೇ ತೆಗೆಯಬೇಕು, ಆಮೇಲೆ ಏನೂ ಸಿಗದು. 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ದೂರಿನ ಪ್ರತಿಯನ್ನು ನಿಮ್ಮ ಬ್ಯಾಂಕ್ ಶಾಖೆಗೆ ಕೊಟ್ಟು, 3,000 ರೂಪಾಯಿ ಹೇಗೆ ಬಂತೆಂದು ನೀವಾಗಿಯೇ ಬರೆದುಕೊಡಿ. ಫೋನಿನಲ್ಲಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿದ್ದರೆ ತೆಗೆದುಹಾಕಿ, ಪಿನ್ ಬದಲಿಸಿ. 19,400 ತೆಗೆಯಲು ಹೋದರೆ ‘ತೆರಿಗೆ’, ‘ಪರಿಶೀಲನಾ ಶುಲ್ಕ’, ‘ಖಾತೆ ಮೇಲ್ದರ್ಜೆಗೆ’ ಎಂದು ಶೇ. 20–30 ಮುಂಗಡ ಕೇಳುತ್ತಾರೆ. ಲಾಭದ ಮೇಲಿನ ತೆರಿಗೆಯನ್ನು ನೀವು ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತೀರಿ, ನಿಮ್ಮ ಹಣ ಬಿಡಿಸಿಕೊಳ್ಳಲೆಂದು ಬ್ರೋಕರ್‌ನ ಯುಪಿಐಗೆ ತೆರಿಗೆ ಕಟ್ಟುವ ಪದ್ಧತಿ ಎಲ್ಲಿಯೂ ಇಲ್ಲ. ಪರದೆಯ ಮೇಲಿನ 19,400 ಬರೀ ಅಂಕಿ. ನಿಮ್ಮ ನಿಜವಾದ ಲೆಕ್ಕ 9,000 ರೂಪಾಯಿ.

ಈಗ ದಿರ್ಹಂ ವಿಷಯ. ನಿಮ್ಮ ಆಸೆಯೆಲ್ಲ ಅಲ್ಲಿಂದಲೇ ಹುಟ್ಟಿದ್ದು, ನಮ್ಮ ಊರಿನ ನೂರಾರು ಮನೆಗಳಲ್ಲಿಯೂ ಹಾಗೆಯೇ.

ದಿರ್ಹಂ ತಾನಾಗಿ ಏರುವುದಿಲ್ಲ. 1997ರಿಂದ ಅದನ್ನು ಡಾಲರಿಗೆ ಕಟ್ಟಿಹಾಕಲಾಗಿದೆ: ಒಂದು ಡಾಲರಿಗೆ 3.6725 ದಿರ್ಹಂ. ಸೌದಿ ರಿಯಾಲ್ 3.75ಕ್ಕೆ, ಕತಾರ್ ರಿಯಾಲ್ 3.64ಕ್ಕೆ ಹೀಗೆಯೇ ನಿಂತಿವೆ. ಬಹ್ರೈನ್ ದಿನಾರ್, ಒಮಾನ್ ರಿಯಾಲ್ ಕೂಡ ಡಾಲರಿಗೇ ಕಟ್ಟಿದವು. ಕುವೈತ್ ಮಾತ್ರ 2007ರಿಂದ ಹಲವು ಕರೆನ್ಸಿಗಳ ಗುಂಪಿಗೆ ತನ್ನ ದಿನಾರನ್ನು ಹೊಂದಿಸಿಕೊಂಡಿದೆ. ಹಾಗಾಗಿ ‘ದಿರ್ಹಂ ಏರಿತು’ ಎಂದು ನಾವು ಹೇಳುವುದು ‘ಡಾಲರಿನ ಎದುರು ರೂಪಾಯಿ ಇಳಿಯಿತು’ ಎಂಬುದನ್ನೇ. ಡಾಲರ್ ದರವನ್ನು 3.6725ರಿಂದ ಭಾಗಿಸಿ ನೋಡಿ: 83 ಇದ್ದಾಗ ದಿರ್ಹಂಗೆ 22.60, 90 ಆದಾಗ 24.50. (ಒಂದು ಕಾಲದಲ್ಲಿ ಆ ಕಡೆಯ ನಾಡುಗಳಲ್ಲಿ ನಡೆಯುತ್ತಿದ್ದದ್ದೇ ನಮ್ಮ ರೂಪಾಯಿ. 1959ರಿಂದ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಪ್ರತ್ಯೇಕ ಗಲ್ಫ್ ರೂಪಾಯಿ ನೋಟು ಮುದ್ರಿಸುತ್ತಿತ್ತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಿದಾಗ ಅದನ್ನು ಇನ್ನೂ ಬಳಸುತ್ತಿದ್ದ ನಾಡುಗಳು ಒಂದೊಂದಾಗಿ ಕೈಬಿಟ್ಟವು.)

ಈ ಏರಿಕೆಯಲ್ಲಿ ನಿಜವಾಗಿ ಎಷ್ಟು ಲಾಭ ಇದೆ? ಡಾಲರ್ ಮೊದಲ ಸಲ 83 ಮುಟ್ಟಿದ್ದು 2022ರ ಅಕ್ಟೋಬರ್‌ನಲ್ಲಿ. 90 ದಾಟಿದ್ದು 2025ರ ಡಿಸೆಂಬರ್‌ನಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಏರಿದ್ದು ಸುಮಾರು ಶೇ. 8.4, ಅಂದರೆ ವರ್ಷಕ್ಕೆ ಶೇ. 3ಕ್ಕಿಂತ ಕಡಿಮೆ. ಅದೇ ಅವಧಿಗೆ ಸಹಕಾರಿ ಬ್ಯಾಂಕಿನ ನಿರಖು ಠೇವಣಿಯಲ್ಲಿ ಇದಕ್ಕಿಂತ ಹೆಚ್ಚು ಬಡ್ಡಿ ಬರುತ್ತಿತ್ತು. ಅಣ್ಣನ ಹಣ ಹೆಚ್ಚಾದಂತೆ ಕಾಣುವುದು ಅವನು ಅಲ್ಲಿ ದುಡಿದದ್ದರಿಂದ. ಅವನ ಬೆವರಿನ ದಿರ್ಹಂಗೆ ನಾಲ್ಕು ಕಾಸು ಹೆಚ್ಚು ಸಿಕ್ಕಿತು, ಅಷ್ಟೆ. ಅದನ್ನು ಟ್ರೇಡಿಂಗ್ ಲಾಭ ಎಂದುಕೊಂಡರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ವರ್ಷಕ್ಕೆ ಶೇ. 3 ಚಲಿಸುವ ವಸ್ತುವಿನಿಂದ ತಿಂಗಳಿಗೆ ಶೇ. 10 ಹೇಗೆ ತೆಗೆಯುತ್ತಾರೆ? ಸಾಲ ಮಾಡಿದ ಶಕ್ತಿಯಿಂದ. ಅದರ ಹೆಸರು ಲಿವರೇಜ್. ಹೊಸಬರ ಹಣ ಹೋಗುವುದು ಬಹುಮಟ್ಟಿಗೆ ಅದರಿಂದಲೇ, ಹಾಗಾಗಿ ಇದನ್ನು ಅಂಕಿಯಲ್ಲೇ ನೋಡೋಣ.

ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ನಿಮ್ಮ 50,000 ಎಂದರೆ ಸುಮಾರು 555 ಡಾಲರ್. ಹೊರದೇಶದ ಆ್ಯಪ್‌ಗಳು 1:500 ಲಿವರೇಜ್ ಕೊಡುತ್ತವೆ, ಅಂದರೆ ನಿಮ್ಮ ಒಂದು ರೂಪಾಯಿಗೆ 500 ರೂಪಾಯಿಯ ವ್ಯವಹಾರ. ಅಲ್ಲಿ ಯೂರೊ-ಡಾಲರ್ ಜೋಡಿಯಲ್ಲಿ (ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವುದು) ವ್ಯವಹಾರದ ಒಂದು ಘಟಕ, ಅಂದರೆ ಒಂದು ಪೂರ್ಣ ಲಾಟ್ ಎಂದರೆ 1,00,000 ಯೂರೊ. ಯೂರೊ 1.15 ಡಾಲರ್ ಇದ್ದರೆ ಅದರ ಮೌಲ್ಯ 1,15,000 ಡಾಲರ್. ಅದಕ್ಕೆ ಅವರು ಹಿಡಿದಿಡುವ ಮಾರ್ಜಿನ್ (ಮುಂಗಡ ಠೇವಣಿ) 230 ಡಾಲರ್ ಮಾತ್ರ. ಅಂದರೆ ನಿಮ್ಮ 50,000 ರೂಪಾಯಿಯಲ್ಲಿ ಒಂದು ಕೋಟಿ ರೂಪಾಯಿಗೂ ಮೀರಿದ ವ್ಯವಹಾರಕ್ಕೆ ಕೈ ಹಾಕಬಹುದು. ದರದ ನಾಲ್ಕನೆಯ ದಶಾಂಶ ಒಂದು ಅಂಕಿ ಅಲುಗಿದರೆ ಅದು ಒಂದು ಪಿಪ್. ಪೂರ್ಣ ಲಾಟಿನಲ್ಲಿ ಒಂದು ಪಿಪ್‌ಗೆ 10 ಡಾಲರ್. ಮಾರ್ಜಿನ್‌ನ ಅರ್ಧಕ್ಕೆ, ಅಂದರೆ 115 ಡಾಲರಿಗೆ ನಿಮ್ಮ ಹಣ ಇಳಿದ ಕೂಡಲೇ ಆ್ಯಪ್ ತಾನಾಗಿ ವ್ಯವಹಾರ ಮುಚ್ಚುತ್ತದೆ ಎಂದಿಟ್ಟುಕೊಳ್ಳಿ. 555ರಿಂದ 115ಕ್ಕೆ ಇಳಿಯಲು ಬೇಕಾಗುವುದು 44 ಪಿಪ್. ಯೂರೊ-ಡಾಲರ್ ಒಂದು ಸಾಧಾರಣ ದಿನದಲ್ಲಿ 50ರಿಂದ 80 ಪಿಪ್ ಆಚೀಚೆ ಹೋಗುತ್ತದೆ. ಯಾವ ಯುದ್ಧವೂ ಆಗಬೇಕಾಗಿಲ್ಲ, ಬ್ಯಾಂಕುಗಳು ಮುಳುಗಬೇಕಾಗಿಲ್ಲ. ಶೇ. 0.4ರಷ್ಟೂ ಇಲ್ಲದ ಅಲುಗಾಟಕ್ಕೆ ಅಮ್ಮನ ಬಳೆಯ ಐದರಲ್ಲಿ ನಾಲ್ಕು ಭಾಗ ಹೋಗಿರುತ್ತದೆ. ನಿಮ್ಮ ಊಹೆ ಸಂಜೆಯ ಹೊತ್ತಿಗೆ ಸರಿ ಎಂದಾದರೂ ಪ್ರಯೋಜನವಿಲ್ಲ, ಮಧ್ಯಾಹ್ನವೇ ನಿಮ್ಮನ್ನು ಹೊರಹಾಕಿರುತ್ತಾರೆ.

ಇದರ ಮೇಲೆ ಖರ್ಚು. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಒಂದೂವರೆ ಪಿಪ್ ಅಂತರವಿದ್ದರೆ, ಪೂರ್ಣ ಲಾಟಿನ ಪ್ರತಿ ವ್ಯವಹಾರಕ್ಕೆ 15 ಡಾಲರ್, ಅಂದರೆ ನಿಮ್ಮ ಬಂಡವಾಳದ ಶೇ. 2.7. ಗುಂಪಿನಲ್ಲಿ ದಿನಕ್ಕೆ ಐದು ‘ಸಿಗ್ನಲ್’ ಕೊಟ್ಟು ಎಲ್ಲದಕ್ಕೂ ಸೇರಿಕೊಳ್ಳಿ ಎನ್ನುವುದು ಇದಕ್ಕೇ. ನಿಮ್ಮನ್ನು ಸೇರಿಸಿದವರಿಗೆ ಬಹುಮಟ್ಟಿಗೆ ನೀವು ಆಡಿದ ಪ್ರತಿ ಲಾಟಿನ ಮೇಲೆ ಕಮಿಷನ್ ಇರುತ್ತದೆ. ನೀವು ಗೆದ್ದರೂ ಸೋತರೂ ಅವರಿಗೆ ಅದು ಸಿಗುತ್ತದೆ. ಅವರು ಕೆಟ್ಟವರೆಂದೇನಲ್ಲ, ಅವರೂ ನಂಬಿರಬಹುದು. ಆದರೆ ಅವರ ಆದಾಯ ನಿಮ್ಮ ಲಾಭಕ್ಕೆ ಕಟ್ಟಿಕೊಂಡಿಲ್ಲ. ಇಂಥ ಅನೇಕ ವೇದಿಕೆಗಳಲ್ಲಿ ನಿಮ್ಮ ಆರ್ಡರ್ ಯಾವ ಮಾರುಕಟ್ಟೆಗೂ ಹೋಗುವುದಿಲ್ಲ. ಎದುರಾಳಿ ಆ ಕಂಪನಿಯೇ. ನೀವು ಸೋತರೆ ಆ ಹಣ ಅದರ ಲಾಭ.

ತಿಂಗಳಿಗೆ ಶೇ. 10 ‘ಖಚಿತ’ ಎಂಬುದನ್ನೂ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ, ನೀವು ಲೆಕ್ಕ ಬರೆಯುವವರು. ಲಾಭ ತೆಗೆಯದೆ ಬಿಟ್ಟರೆ 50,000 ರೂಪಾಯಿ ಐದು ವರ್ಷದಲ್ಲಿ ಒಂದೂವರೆ ಕೋಟಿ ದಾಟುತ್ತದೆ. ಅಂಥ ವಿದ್ಯೆ ಕೈಯಲ್ಲಿದ್ದವರಿಗೆ ಬದಿಯಡ್ಕದ ಒಬ್ಬ ಗುಮಾಸ್ತರ 50,000 ಬೇಕಾಗುವುದಿಲ್ಲ. ಯುರೋಪಿನ ನಿಯಂತ್ರಣ ಸಂಸ್ಥೆ 2018ರಲ್ಲಿ ಇಂಥ ಲಿವರೇಜ್ ವ್ಯವಹಾರಗಳನ್ನು ಪರಿಶೀಲಿಸಿ, ಸಾಮಾನ್ಯ ಗ್ರಾಹಕರ ಖಾತೆಗಳಲ್ಲಿ ಶೇ. 74ರಿಂದ 89 ನಷ್ಟದಲ್ಲಿರುತ್ತವೆ ಎಂದು ಹೇಳಿತು. ಮುಖ್ಯ ಕರೆನ್ಸಿ ಜೋಡಿಗಳಿಗೆ 1:30ಕ್ಕಿಂತ ಹೆಚ್ಚು ಲಿವರೇಜ್ ಕೊಡಬಾರದೆಂದು ಮಿತಿ ಹಾಕಿತು. ಅವು ಪರವಾನಗಿ ಪಡೆದ ಕಂಪನಿಗಳ ಲೆಕ್ಕ. ನಿಮ್ಮ ಮುಂದಿರುವುದು 1:500.

ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ವಾಸಿಸುವವರು ವಿದೇಶಿ ವಿನಿಮಯ ವ್ಯವಹಾರವನ್ನು 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯಂತೆ ಅಧಿಕೃತ ಸಂಸ್ಥೆಗಳ ಜೊತೆ, ಅನುಮತಿ ಇರುವ ಉದ್ದೇಶಕ್ಕೆ ಮಾತ್ರ ಮಾಡಬಹುದು. ಆನ್‌ಲೈನ್ ಆದರೆ ರಿಸರ್ವ್ ಬ್ಯಾಂಕ್ ಅನುಮತಿಸಿದ ವೇದಿಕೆಗಳಲ್ಲಿ, ಇಲ್ಲವೇ ಎನ್‌ಎಸ್‌ಇ, ಬಿಎಸ್‌ಇ, ಎಂಎಸ್‌ಇ ಎಂಬ ಮಾನ್ಯತೆ ಪಡೆದ ಷೇರು ವಿನಿಮಯ ಕೇಂದ್ರಗಳಲ್ಲಿ. ವರ್ಷಕ್ಕೆ 2,50,000 ಡಾಲರ್ ಹೊರಗೆ ಕಳುಹಿಸಬಹುದೆಂಬ ಯೋಜನೆ ಇದೆಯಲ್ಲ ಎಂದು ಗುಂಪಿನಲ್ಲಿ ಹೇಳಬಹುದು. ಓದಿಗೆ, ಚಿಕಿತ್ಸೆಗೆ, ವಿದೇಶಿ ಷೇರಿಗೆ ಅದು ನಿಜ. ಆದರೆ ಹೊರದೇಶದ ಬ್ರೋಕರ್‌ಗೆ ಮಾರ್ಜಿನ್ ಕಟ್ಟಲು ಅದನ್ನು ಬಳಸುವಂತಿಲ್ಲ ಎಂದು ಅದೇ ಯೋಜನೆಯಲ್ಲಿ ಸ್ಪಷ್ಟವಾಗಿದೆ. ಉಲ್ಲಂಘನೆಗೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು.

ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಅನಧಿಕೃತ ಫಾರೆಕ್ಸ್ ವೇದಿಕೆಗಳ ಎಚ್ಚರಿಕೆ ಪಟ್ಟಿ ಪ್ರಕಟಿಸಿತು. ಮೊದಲು 34 ಹೆಸರುಗಳಿದ್ದವು, ಆಮೇಲೆ ಮತ್ತೆ ಮತ್ತೆ ಸೇರಿಸಿದೆ. ‘ನಮ್ಮ ಹೆಸರು ಪಟ್ಟಿಯಲ್ಲಿಲ್ಲ’ ಎಂಬುದು ಅನುಮತಿಯಲ್ಲ. ಪಟ್ಟಿ ಪೂರ್ಣವಲ್ಲವೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಸೇಂಟ್ ವಿನ್ಸೆಂಟ್‌ನಂಥ ದ್ವೀಪದಲ್ಲಿ ‘ನೋಂದಾಯಿತ’ ಎಂಬ ಪ್ರಮಾಣಪತ್ರವನ್ನೂ ತೋರಿಸುತ್ತಾರೆ. ಅಲ್ಲಿನ ಹಣಕಾಸು ಪ್ರಾಧಿಕಾರ ತಾನು ಫಾರೆಕ್ಸ್ ವ್ಯವಹಾರಕ್ಕೆ ಪರವಾನಗಿ ಕೊಡುವುದಿಲ್ಲವೆಂದು ಹೇಳಿದೆ. ಅದು ಬರೀ ಕಂಪನಿ ನೋಂದಣಿ. ಮೆಟಾಟ್ರೇಡರ್ ಇದೆಯೆಂದು ನಂಬುವವರೂ ಇದ್ದಾರೆ. ಅದು ಒಂದು ಸಾಫ್ಟ್‌ವೇರ್. ತಕ್ಕಡಿ ಒಳ್ಳೆಯದಿದ್ದ ಮಾತ್ರಕ್ಕೆ ತೂಗುವವನು ಒಳ್ಳೆಯವನೆನ್ನಲಾಗದು.

ಅಣ್ಣನ ಹೆಸರಿನ ಖಾತೆಯ ಬಗ್ಗೆ: ಅವನು ಅನಿವಾಸಿ, ಅಲ್ಲಿ ದುಡಿದ ಹಣದಿಂದ ಅಲ್ಲಿನ ಪರವಾನಗಿ ಇರುವ ಬ್ರೋಕರ್ ಬಳಿ ತಾನೇ ವ್ಯವಹಾರ ಮಾಡಿದರೆ ಅದು ಅಲ್ಲಿನ ಕಾನೂನಿಗೆ ಸೇರಿದ್ದು. ನೀವು ಬದಿಯಡ್ಕದಲ್ಲಿ ಕುಳಿತು ನಿಮ್ಮ ಹಣ ತೊಡಗಿಸಿ ಅವನ ಹೆಸರಿನಲ್ಲಿ ಆಡಿದರೆ ಹೆಸರು ಮಾತ್ರ ಅವನದು, ವ್ಯವಹಾರ ನಿಮ್ಮದೇ. ಸರಿಯಾದ ಬ್ರೋಕರ್‌ಗಳು ಬೇರೆಯವರು ಖಾತೆ ನಡೆಸುವುದನ್ನು ಒಪ್ಪುವುದೂ ಇಲ್ಲ. ಬೇರೆ ದೇಶದಿಂದ ಲಾಗಿನ್ ಆದದ್ದು ಕಂಡು ಖಾತೆ ತಡೆಹಿಡಿದರೆ ಉತ್ತರ ಕೊಡಬೇಕಾದವನು ಅಣ್ಣ. ಅವನ ಕೆಲಸ, ವೀಸಾ ಎರಡೂ ಇರುವ ನೆಲದಲ್ಲಿ ಅವನನ್ನು ಇದಕ್ಕೆ ಎಳೆಯಬೇಡಿ.

ಹಾಗಾದರೆ ನಮ್ಮದೇ ಎಕ್ಸ್‌ಚೇಂಜ್‌ನಲ್ಲಿ ಮಾಡಬಹುದಲ್ಲ ಎಂದು ಕೇಳುತ್ತೀರಿ. ಕರೆನ್ಸಿ ಟ್ರೇಡಿಂಗ್ ಬಗ್ಗೆ ಕನ್ನಡದಲ್ಲಿ ಸಿಗುವ ಹೆಚ್ಚಿನ ವಿಡಿಯೊಗಳು ಹೇಳದೆ ಬಿಡುವ ಮಾತು ಇಲ್ಲಿದೆ. ಡಾಲರ್-ರೂಪಾಯಿ ಫ್ಯೂಚರ್ಸ್, ಅಂದರೆ ಮುಂದಿನ ಒಂದು ದಿನಕ್ಕೆ ಇವತ್ತೇ ದರ ಗೊತ್ತುಮಾಡಿಕೊಳ್ಳುವ ಕಾಂಟ್ರಾಕ್ಟು, ಇಲ್ಲಿ 2008ರ ಆಗಸ್ಟ್‌ನಲ್ಲಿ ಶುರುವಾಯಿತು, 2010ರಲ್ಲಿ ಯೂರೊ, ಪೌಂಡ್, ಯೆನ್ ಸೇರಿದವು. ಹಲವು ವರ್ಷ ಯಾರು ಬೇಕಾದರೂ ಕೊಂಡು ಮಾರುತ್ತಿದ್ದರು. 2024ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿತು: ರೂಪಾಯಿ ಒಳಗೊಂಡ ಈ ಕಾಂಟ್ರಾಕ್ಟುಗಳು ಇರುವುದು ಈಗಾಗಲೇ ಒಪ್ಪಂದವಾದ ವಿದೇಶಿ ಹಣದ ಬಾಕಿಯನ್ನು (ಬರಬೇಕಾದದ್ದು ಅಥವಾ ಕೊಡಬೇಕಾದದ್ದು) ದರದ ಏರಿಳಿತದಿಂದ ಕಾಪಾಡಿಕೊಳ್ಳಲು. 10 ಕೋಟಿ ಡಾಲರ್‌ವರೆಗೆ ದಾಖಲೆ ತೋರಿಸಬೇಕಾಗಿಲ್ಲ, ಆದರೆ ಬಾಕಿ ಇರಲೇಬೇಕು. 2024ರ ಮೇ 3ರಿಂದ ಇದು ಜಾರಿಗೆ ಬಂತು. ಅದಕ್ಕೆ ಮೊದಲೇ ಬ್ರೋಕರ್‌ಗಳು ಗ್ರಾಹಕರಿಂದ ಘೋಷಣೆ ಕೇಳಿದರು, ಅನೇಕರು ವ್ಯವಹಾರ ಮುಚ್ಚಿಕೊಂಡರು, ವಹಿವಾಟು ತೀವ್ರವಾಗಿ ಕುಸಿಯಿತು.

ಅಡಿಕೆಯ ಲೆಕ್ಕದಲ್ಲಿ ಹೇಳಿದರೆ ಸುಲಭ. ಅಂಗಳದಲ್ಲಿ ಅಡಿಕೆ ಹರಡಿದ್ದೀರಿ, ಚಾಲಿಯಾಗಲು ನಲವತ್ತು-ನಲವತ್ತೈದು ದಿನ ಬೇಕು, ಅಷ್ಟರಲ್ಲಿ ಧಾರಣೆ ಇಳಿದೀತೆಂಬ ಭಯದಿಂದ ಇವತ್ತಿನ ದರಕ್ಕೇ ಮಾತು ಕಟ್ಟಿಕೊಳ್ಳುತ್ತೀರಿ. ಅದು ರಕ್ಷಣೆ. ಅಂಗಳದಲ್ಲಿ ಒಂದು ಗೋಟೂ ಇಲ್ಲದವನು ಧಾರಣೆ ಏರುತ್ತದೋ ಇಳಿಯುತ್ತದೋ ಎಂದು ಹಣ ಕಟ್ಟಿದರೆ ಅದು ಬೇರೆ ವಿಷಯ. ರಿಸರ್ವ್ ಬ್ಯಾಂಕ್ ಕೇಳುತ್ತಿರುವುದು ‘ಅಂಗಳದಲ್ಲಿ ಅಡಿಕೆ ಇದೆಯೇ’ ಎಂದು. ಕರೆನ್ಸಿಗೆ ಕೈ ಹಾಕುವ ಯಾರೇ ಆದರೂ ಮೊದಲು ತಮ್ಮನ್ನು ಕೇಳಿಕೊಳ್ಳಬೇಕಾದದ್ದು ಇದನ್ನೇ: ವಿದೇಶಿ ಹಣದಲ್ಲಿ ನನಗೆ ಬರಬೇಕಾದದ್ದು ಅಥವಾ ನಾನು ಕೊಡಬೇಕಾದದ್ದು ಏನಾದರೂ ಇದೆಯೇ?

ಅಣ್ಣ ಪ್ರತಿ ತಿಂಗಳು ಪ್ರೀತಿಯಿಂದ ಕಳುಹಿಸುವ ಹಣ ನಿಮ್ಮ ಒಪ್ಪಂದದ ಬಾಕಿ ಆಗುವುದಿಲ್ಲ. ಬ್ರೋಕರ್ ಆ್ಯಪ್‌ನಲ್ಲಿ ಕರೆನ್ಸಿ ವಿಭಾಗ ತೆರೆಯುವಾಗ ‘ನನಗೆ ಅಂಡರ್‌ಲೈಯಿಂಗ್ ಎಕ್ಸ್‌ಪೋಷರ್ ಇದೆ’ (ಅಂದರೆ ಇಂಥ ಬಾಕಿ ಇದೆ) ಎಂಬ ಸಣ್ಣ ಅಕ್ಷರದ ಸಾಲಿನ ಮುಂದೆ ಒಂದು ಚೌಕ ಇರುತ್ತದೆ. ಎಲ್ಲರೂ ಒತ್ತುತ್ತಾರೆಂದು ಒತ್ತಬೇಡಿ. ಅದು ನೀವು ಸಹಿ ಮಾಡಿ ಕೊಡುವ ಹೇಳಿಕೆ.

ಬಾಕಿ ಇರುವವರು ಹೇಗೆ ಬಳಸುತ್ತಾರೆ

ನಿಮ್ಮ ವಯಸ್ಸಿನ ಎಷ್ಟೋ ಮಂದಿ ಈಗ ಮನೆಯಲ್ಲೇ ಕುಳಿತು ಹೊರದೇಶದ ಕಂಪನಿಗಳಿಗೆ ವೆಬ್‌ಸೈಟ್, ಲೆಕ್ಕಪತ್ರ, ವಿನ್ಯಾಸದ ಕೆಲಸ ಮಾಡಿಕೊಡುತ್ತಿದ್ದಾರೆ. ಅಂಥವರೊಬ್ಬರಿಗೆ ಒಪ್ಪಂದದಂತೆ ಎರಡು ತಿಂಗಳ ಮೇಲೆ 3,000 ಡಾಲರ್ ಬರಬೇಕಿದೆ ಎನ್ನಿ. ಒಂದು ಕಾಂಟ್ರಾಕ್ಟ್ 1,000 ಡಾಲರ್. ಇವತ್ತಿನ ದರ 90, ಎರಡು ತಿಂಗಳ ಫ್ಯೂಚರ್ಸ್ 90.30. ಮೂರು ಕಾಂಟ್ರಾಕ್ಟ್ ಮಾರುತ್ತಾರೆ. ಡಾಲರ್ 88.50ಕ್ಕೆ ಇಳಿದರೆ ಬಿಲ್ಲಿನಿಂದ 2,65,500, ಫ್ಯೂಚರ್ಸ್‌ನಲ್ಲಿ 5,400 ಲಾಭ. ಡಾಲರ್ 92ಕ್ಕೆ ಏರಿದರೆ ಬಿಲ್ಲಿನಿಂದ 2,76,000, ಫ್ಯೂಚರ್ಸ್‌ನಲ್ಲಿ 5,100 ನಷ್ಟ. ಎರಡೂ ಕಡೆ ಕೈಗೆ ಬರುವುದು 2,70,900. ಏರಿದಾಗ ಸಿಗಬಹುದಾಗಿದ್ದ ಹೆಚ್ಚಿನದನ್ನು ಬಿಟ್ಟುಕೊಟ್ಟು ನಿಶ್ಚಿಂತೆ ಕೊಂಡಂತೆ.

ಎಡವುವುದು ಎಲ್ಲಿ ಎಂದರೆ, ಫ್ಯೂಚರ್ಸ್ ನಷ್ಟವನ್ನು ಪ್ರತಿದಿನ ಸಂಜೆ ಖಾತೆಯಿಂದ ಕಳೆಯುತ್ತಾರೆ. ಬಿಲ್ಲಿನ ಹಣ ಬರುವುದು ಎರಡು ತಿಂಗಳ ಮೇಲೆ. ಮಾರ್ಜಿನ್ ಬೇಕಾಗುವುದು ಕಾಂಟ್ರಾಕ್ಟ್ ಮೌಲ್ಯದ ಶೇ. 2–3ರ ಆಸುಪಾಸು, ಅಂದರೆ ಒಂದಕ್ಕೆ ಎರಡು-ಮೂರು ಸಾವಿರ. ಅಷ್ಟೇ ಹಾಕಿ ಕುಳಿತರೆ ಮೊದಲ ಜೋರು ಅಲೆಗೇ ಬ್ರೋಕರ್ ಮುಚ್ಚಿಬಿಡುತ್ತಾನೆ, ರಕ್ಷಣೆ ಅರ್ಧದಲ್ಲಿ ಕಳಚುತ್ತದೆ. ಮಾರ್ಜಿನ್‌ನ ಮೂರು-ನಾಲ್ಕು ಪಟ್ಟು ಹಣ ಖಾತೆಯಲ್ಲಿ ಸುಮ್ಮನೆ ಇರಬೇಕು. 2013ರ ಮೇ ಆರಂಭದಲ್ಲಿ 54ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ಕ್ಕೆ 68.80 ದಾಟಿ, ಅಕ್ಟೋಬರ್ ಹೊತ್ತಿಗೆ 62ರ ಸುತ್ತ ಇಳಿದಿತ್ತು. ವರ್ಷಕ್ಕೆ ಶೇ. 3ರಂಥ ಸರಾಸರಿಯೊಳಗೆ ಇಂಥ ತಿಂಗಳುಗಳೂ ಅಡಗಿರುತ್ತವೆ.

ಇನ್ನೊಂದು, ವೇಳೆ. ರೂಪಾಯಿ ಜೋಡಿಗಳ ಮಾರುಕಟ್ಟೆ ಬೆಳಗ್ಗೆ 9ರಿಂದ ಸಂಜೆ 5. ಅಮೆರಿಕದ ಉದ್ಯೋಗದ ಅಂಕಿಅಂಶ, ಬೆಲೆಯೇರಿಕೆಯ ಅಂಕಿಅಂಶ ಬರುವುದು ನಮ್ಮ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ. ಅವರ ಕೇಂದ್ರ ಬ್ಯಾಂಕಿನ ಬಡ್ಡಿ ನಿರ್ಧಾರ ಬರುವುದು ರಾತ್ರಿ ಹನ್ನೊಂದೂವರೆ ಅಥವಾ ಹನ್ನೆರಡೂವರೆಗೆ. ಅಂದರೆ ದೊಡ್ಡ ಸುದ್ದಿ ಬರುವಾಗ ನಮ್ಮ ಬಾಗಿಲು ಮುಚ್ಚಿರುತ್ತದೆ. ಮರುದಿನ ಬೆಳಗ್ಗೆ ದರ ನಿಮ್ಮ ಸ್ಟಾಪ್‌ಲಾಸ್ ದಾಟಿಯೇ ತೆರೆಯಬಹುದು. ಸ್ಟಾಪ್‌ಲಾಸ್ ಎಂದರೆ ‘ಈ ದರಕ್ಕೆ ಮುಟ್ಟಿದರೆ ಸಿಕ್ಕ ದರಕ್ಕೆ ಮುಚ್ಚು’ ಎಂಬ ಆದೇಶ, ಆ ದರವೇ ಸಿಗುತ್ತದೆಂಬ ಭರವಸೆ ಅದರಲ್ಲಿಲ್ಲ. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕ್ ಯೂರೊಗೆ 1.20 ಫ್ರಾಂಕ್ ಎಂದು ಹಿಡಿದಿಟ್ಟಿದ್ದ ಕಟ್ಟನ್ನು ಹಠಾತ್ತನೆ ಬಿಟ್ಟಾಗ, ಹಗಲು ಹೊತ್ತಿನಲ್ಲೇ, ಸ್ಟಾಪ್‌ಲಾಸ್ ಇಟ್ಟವರಿಗೂ ಎಷ್ಟೋ ದೂರದ ದರ ಸಿಕ್ಕಿತು. ಕೆಲವು ಬ್ರೋಕರ್ ಸಂಸ್ಥೆಗಳೇ ದಿವಾಳಿಯಾದವು.

ಡಾಲರ್ ಯಾವಾಗಲೂ ಏರುತ್ತದೆ, ಕೊಂಡು ಇಟ್ಟುಕೊಂಡರೆ ಸಾಕು ಎಂಬ ನಂಬಿಕೆಗೂ ಒಂದು ಅಡ್ಡಿ ಇದೆ. ಫ್ಯೂಚರ್ಸ್ ದರ ಇವತ್ತಿನ ದರಕ್ಕಿಂತ ಮೇಲಿರುತ್ತದೆ, ಎರಡು ದೇಶಗಳ ಬಡ್ಡಿಯ ವ್ಯತ್ಯಾಸದಷ್ಟು. ವ್ಯತ್ಯಾಸ ವರ್ಷಕ್ಕೆ ಶೇ. 2 ಇದ್ದರೆ 90 ರೂಪಾಯಿಯ ಡಾಲರಿಗೆ ತಿಂಗಳಿಗೆ 15 ಪೈಸೆ. ರೂಪಾಯಿ ಪ್ರತಿ ತಿಂಗಳು ಅಷ್ಟು ಇಳಿದರೆ ನೀವು ನಿಂತಲ್ಲೇ ನಿಂತಿರುತ್ತೀರಿ, ಇಳಿಯದಿದ್ದರೆ ನಷ್ಟ.

ಬ್ರೋಕರ್ ಅಸಲಿಯೇ ಎಂದು ನೋಡಲು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿಯ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹುಡುಕಿ. 2025ರ ಅಕ್ಟೋಬರ್‌ನಿಂದ ನೋಂದಾಯಿತ ಬ್ರೋಕರ್‌ಗಳಿಗೆ ‘ವ್ಯಾಲಿಡ್’ ಎಂಬ ಪದ ಸೇರಿದ ಪ್ರತ್ಯೇಕ ಯುಪಿಐ ವಿಳಾಸ ಬಂದಿದೆ. ಹಣ ಕಳುಹಿಸುವಾಗ ಹಸಿರು ತ್ರಿಕೋನದೊಳಗೆ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಕಾಣುತ್ತದೆ. ನೀವು 12,000 ಹಾಕಿದ ವಿಳಾಸವನ್ನು ಒಮ್ಮೆ ತೆಗೆದು ಹೋಲಿಸಿ ನೋಡಿ.

ಕಲಿಯುವ ಆಸೆಗೆ

ಇಷ್ಟೆಲ್ಲ ಓದಿದ ಮೇಲೂ ಆಸಕ್ತಿ ಉಳಿದಿದ್ದರೆ ಅದು ಒಳ್ಳೆಯದೇ. ಜಗತ್ತಿನಲ್ಲಿ ದಿನಕ್ಕೆ 9.6 ಲಕ್ಷ ಕೋಟಿ ಡಾಲರ್ ಕೈ ಬದಲಾಗುವ ಮಾರುಕಟ್ಟೆ ಇದು, 2025ರ ಏಪ್ರಿಲ್‌ನ ಲೆಕ್ಕದಂತೆ. ಬಿ.ಕಾಂ. ಓದಿದವರಿಗೆ ಇದರ ಒಳಗನ್ನು ಅರಿಯುವುದರಿಂದ ಬ್ಯಾಂಕು, ರಫ್ತು ಕಂಪನಿಗಳಲ್ಲಿ ಕೆಲಸದ ದಾರಿಯೂ ಇದೆ. ಅದಕ್ಕೆ ಹಣ ಹೂಡಬೇಕಾಗಿಲ್ಲ.

ಆರು ತಿಂಗಳು ಒಂದು ನೋಟ್‌ಪುಸ್ತಕ ಇಡಿ. ಒಂದೇ ಜೋಡಿ ಹಿಡಿಯಿರಿ, ಡಾಲರ್-ರೂಪಾಯಿ ಸಾಕು. ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರತಿದಿನ ಮಧ್ಯಾಹ್ನ ಪ್ರಕಟಿಸುವ ಉಲ್ಲೇಖ ದರ ಬರೆದುಕೊಳ್ಳಿ, ಫ್ಯೂಚರ್ಸ್ ತೀರುವೆಯಾಗುವುದೂ ಅದೇ ದರಕ್ಕೆ. ಪಕ್ಕದಲ್ಲಿ ಕಚ್ಚಾತೈಲದ ದರ, ಆ ದಿನದ ಮುಖ್ಯ ಸುದ್ದಿ. ವಾರಕ್ಕೊಮ್ಮೆ ಕಾಗದದ ಮೇಲೆ ಒಂದು ವ್ಯವಹಾರ ಮಾಡಿ: ಯಾವ ದರಕ್ಕೆ, ಯಾವ ಕಾರಣಕ್ಕೆ, ತಪ್ಪಾದರೆ ಎಲ್ಲಿ ಹೊರಬರುವುದು, ಆಗ ಎಷ್ಟು ನಷ್ಟ. ಕಾರಣವನ್ನು ಮೊದಲೇ ಬರೆಯಬೇಕು, ಫಲಿತಾಂಶ ನೋಡಿ ಬರೆದರೆ ನಮ್ಮನ್ನೇ ನಾವು ಮೋಸ ಮಾಡಿಕೊಂಡಂತೆ. ಒಂದು ಕಾಂಟ್ರಾಕ್ಟಿಗೆ ಒಂದು ಪೈಸೆ ಎಂದರೆ 10 ರೂಪಾಯಿ. 60,000 ರೂಪಾಯಿ ಬಂಡವಾಳವೆಂದು ಊಹಿಸಿ, ಒಂದು ವ್ಯವಹಾರದಲ್ಲಿ ಶೇ. 1ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದೆಂದು ಗೆರೆ ಎಳೆಯಿರಿ: 600 ರೂಪಾಯಿ, ಅಂದರೆ ಒಂದು ಕಾಂಟ್ರಾಕ್ಟಿಗೆ 60 ಪೈಸೆ ಜಾಗ. ಪ್ರತಿ ಸಲ ಖರ್ಚೆಂದು ಎರಡು ಪೈಸೆ ಕಳೆಯಿರಿ. ಹೊರದೇಶದ ಆ್ಯಪ್‌ಗಳ ಡೆಮೊ ಖಾತೆ ಇದಕ್ಕೆ ಬೇಡ. ಅಲ್ಲಿ ನೀವು ಕೇಳಿದ ದರವೇ ಪ್ರತಿ ಸಲ ಸಿಗುತ್ತದೆ, ನಿಜದಲ್ಲಿ ಹಾಗಿರುವುದಿಲ್ಲ, ಮೇಲಾಗಿ ನಿಮ್ಮ ಫೋನ್ ಸಂಖ್ಯೆ ಅವರ ಕೈಗೆ ಹೋಗುತ್ತದೆ.

ಕೊನೆಗೆ ಅಣ್ಣನ ಹಣ. ಕರೆನ್ಸಿ ಜ್ಞಾನ ನಿಮ್ಮ ಮನೆಗೆ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು. ರೂಪಾಯಿ ಇನ್ನೂ ಇಳಿಯುತ್ತದೆಂದು ಅವನಿಗೆ ಅನಿಸಿದರೆ, ತಕ್ಷಣ ಬೇಕಿಲ್ಲದ ಭಾಗವನ್ನು ಇಲ್ಲಿನ ಬ್ಯಾಂಕಿನಲ್ಲಿ ಅನಿವಾಸಿಗಳಿಗಿರುವ ಎಫ್‌ಸಿಎನ್‌ಆರ್ ಠೇವಣಿಯಾಗಿ ಡಾಲರಿನಲ್ಲೇ ಇಡಬಹುದು. ಅವಧಿ ಒಂದರಿಂದ ಐದು ವರ್ಷ. ಒಂದು ವರ್ಷಕ್ಕೆ ಮೊದಲು ಮುರಿದರೆ ಬಡ್ಡಿಯಿಲ್ಲ. ಅನಿವಾಸಿಯಾಗಿರುವವರೆಗೆ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ರೂಪಾಯಿಯಲ್ಲೇ ಇಡುವುದಾದರೆ ಅನಿವಾಸಿಗಳ ಎನ್‌ಆರ್‌ಇ ಠೇವಣಿ, ಅದರ ಬಡ್ಡಿಗೂ ಹಾಗೆಯೇ ತೆರಿಗೆಯಿಲ್ಲ. ಮೊದಲನೆಯದರಲ್ಲಿ ರೂಪಾಯಿ ಬಲಗೊಂಡರೆ ಕೈಗೆ ಬರುವುದು ಕಡಿಮೆಯಾಗುತ್ತದೆ ಎಂಬುದು ಗೊತ್ತಿರಲಿ. ಮನೆ ಕಟ್ಟಲು, ಮದುವೆಗೆ ಎಂದು ರೂಪಾಯಿ ಬೇಕಾದ ದಿನ ನಿಶ್ಚಯವಾಗಿದ್ದರೆ ದರ ಏರಲೆಂದು ಕಾಯುತ್ತ ಕೂರದೆ ಮೂರು-ನಾಲ್ಕು ಕಂತಿನಲ್ಲಿ ಕಳುಹಿಸುವುದು ವಾಸಿ.

ತಿಂಗಳು ತಿಂಗಳು ಕಳುಹಿಸುವಾಗ ‘ಶುಲ್ಕ ಇಲ್ಲ’ ಎಂಬ ಫಲಕ ನೋಡಬೇಡಿ ಎನ್ನಿ. ಶುಲ್ಕ ಬಿಟ್ಟವರು ದರದಲ್ಲಿ ಹಿಡಿದುಕೊಳ್ಳುತ್ತಾರೆ. ಕೇಳಬೇಕಾದದ್ದು ಒಂದೇ: ‘2,000 ದಿರ್ಹಂ ಕೊಟ್ಟರೆ ಊರಿನ ಖಾತೆಗೆ ಕೊನೆಗೆ ಎಷ್ಟು ರೂಪಾಯಿ ಬೀಳುತ್ತದೆ?’ ಅದೇ ಹೊತ್ತಿನಲ್ಲಿ ಮೂರು ಕಡೆ ಕೇಳಲಿ. ದಿರ್ಹಂಗೆ 15 ಪೈಸೆ ವ್ಯತ್ಯಾಸ ಸಿಕ್ಕರೆ ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿ, ಯಾವ ಅಪಾಯವೂ ಇಲ್ಲದೆ. ಹೆಚ್ಚು ದರ ಕೊಡುತ್ತೇವೆಂದು ಬರುವ ಕುಳಲ್ಪಣದವರ (ಹವಾಲಾದವರ) ಕಡೆ ಹೋಗುವುದು ಬೇಡ. ಅಲ್ಲಿಯೂ ನಿಮ್ಮ ಖಾತೆಗೆ ಬೀಳುವುದು ಗುರುತಿಲ್ಲದವರ ಹಣವೇ. ಶನಿವಾರ, ಭಾನುವಾರ ಇಲ್ಲಿನ ಮಾರುಕಟ್ಟೆ ಮುಚ್ಚಿರುವುದರಿಂದ ವಿನಿಮಯ ಕೇಂದ್ರಗಳು ಜಾಗ್ರತೆಗೆಂದು ದರದಲ್ಲಿ ಸ್ವಲ್ಪ ಹೆಚ್ಚು ಅಂತರ ಇಟ್ಟುಕೊಳ್ಳುವುದುಂಟು. ವಾರದ ನಡುವೆ, ಅಲ್ಲಿನ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರ ಒಳಗೆ ಕಳುಹಿಸಲು ಹೇಳಿ.